ನಂಬಿ ಇಟ್ಟ ಹಣಕ್ಕೆ ಹೊಣೆ ಯಾರು?

ಬ್ಯಾಂಕೊಂದು ಮುಳುಗಿದಾಗಲೆಲ್ಲ ನಮ್ಮ ನಡುವೆ ಒಂದು ಉಪದೇಶ ತಪ್ಪದೆ ಕೇಳಿಬರುತ್ತದೆ: “ಹೆಚ್ಚು ಬಡ್ಡಿಯ ಆಸೆಗೆ ಬಿದ್ದವರು ಅನುಭವಿಸಲಿ, ಹಣ ಇಡುವ ಮುನ್ನ ನಾಲ್ಕು ಕಡೆ ವಿಚಾರಿಸಬೇಕಿತ್ತು.” ಹೀಗೆ ಹೇಳುವವರು ಸಾಮಾನ್ಯವಾಗಿ ಹಣ ಕಳೆದುಕೊಳ್ಳದವರು. ಅವರನ್ನು ನಾನು ಕೇಳಬಯಸುವುದು ಇಷ್ಟೆ: ವಿಚಾರಿಸುವುದು ಎಲ್ಲಿ? ಯಾರನ್ನು? ಬ್ಯಾಂಕಿನ ನಿಜಸ್ಥಿತಿಯನ್ನು ಕುರಿತು ನಂಬಲರ್ಹವಾದ ವರದಿಯೊಂದು ಈ ದೇಶದಲ್ಲಿ ಸಿದ್ಧವಾಗುತ್ತದೆ. ಆದರೆ ಅದು ಠೇವಣಿದಾರನ ಕೈಗೆ ಸಿಗುವುದಿಲ್ಲ. ಇನ್ನು ಕೈಗೆ ಸಿಗುವ ಕಾಗದಗಳಿವೆ. ಅವನ್ನು ನಾವು ಓದುವುದಿಲ್ಲ. ಮೊದಲನೆಯದು ಪ್ರಭುತ್ವದ ತಪ್ಪು, ಎರಡನೆಯದು ನಮ್ಮದು. ಈ ಲೇಖನದಲ್ಲಿ ನಾನು ಎರಡರ ಮೇಲೂ ದೂರು ಹೊರಿಸುತ್ತೇನೆ. ಕೇಂದ್ರ ಸರ್ಕಾರದ ನೌಕರನಾಗಿದ್ದರೂ ಇಲ್ಲಿ ಬರೆಯುತ್ತಿರುವುದು ಒಬ್ಬ ಠೇವಣಿದಾರನಾಗಿ. ಮತ್ತು, ಮುಂದೆ ತಿಳಿಯುವಂತೆ, ಒಬ್ಬ ತಪ್ಪಿತಸ್ಥನಾಗಿಯೂ ಹೌದು.

2019ರ ಸೆಪ್ಟೆಂಬರ್ 24ರ ಬೆಳಗನ್ನು ಮುಂಬಯಿಯ ಕನ್ನಡಿಗರಲ್ಲಿ ಅನೇಕರು ಮರೆತಿರಲಾರರು. ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಶಾಖೆಗಳ ಮುಂದೆ ಜನ ಸೇರಿದ್ದರು. ಆರು ತಿಂಗಳ ಅವಧಿಗೆ ಒಂದು ಖಾತೆಯಿಂದ 1,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ನಿರ್ದೇಶಿಸಿತ್ತು. ಬ್ಯಾಂಕಿನಲ್ಲಿದ್ದ ಠೇವಣಿ 11,000 ಕೋಟಿ ರೂಪಾಯಿಗೂ ಹೆಚ್ಚು. ಆ ಸಾವಿರ ರೂಪಾಯಿಯ ಮಿತಿ ಮುಂದೆ ಹಂತಹಂತವಾಗಿ ಏರಿ ಒಂದು ಲಕ್ಷ ಮುಟ್ಟಿದ್ದು 2020ರ ಜೂನ್‌ನಲ್ಲಿ. ಅಷ್ಟರೊಳಗೆ ಮಗಳ ಮದುವೆ ಮುಂದೂಡಿದವರು, ಆಸ್ಪತ್ರೆಯ ಹಣಕ್ಕಾಗಿ ಪರರ ಮುಂದೆ ಕೈಯೊಡ್ಡಿದವರು ಎಷ್ಟು ಮಂದಿಯೋ!

ಈಗ ನಮ್ಮ ಉಪದೇಶಕರ ಮಾತಿಗೆ ಬರೋಣ. ಆ ಬ್ಯಾಂಕಿನ ಠೇವಣಿದಾರನೊಬ್ಬ ಅತ್ಯಂತ ಜಾಗರೂಕನಾಗಿದ್ದು, 2019ರ ಮಾರ್ಚ್ ಅಂತ್ಯದ ಅಢಾವೆ ಪತ್ರಿಕೆಯನ್ನು ತರಿಸಿಕೊಂಡು ಓದಿದ್ದನೆಂದೇ ಇಟ್ಟುಕೊಳ್ಳಿ. ಅವನಿಗೆ ಅಲ್ಲಿ ಕಾಣುತ್ತಿದ್ದುದೇನು? ವಸೂಲಾಗದ ಸಾಲದ ಪ್ರಮಾಣ ಶೇ. 3.76. ಅನೇಕ ದೊಡ್ಡ ಬ್ಯಾಂಕುಗಳಿಗಿಂತ ಉತ್ತಮ ಸ್ಥಿತಿ! ಆದರೆ ತನಿಖೆಯಲ್ಲಿ ಹೊರಬಿದ್ದ ಸತ್ಯವೇ ಬೇರೆ. ಬ್ಯಾಂಕಿನ ಒಟ್ಟು ಸಾಲದ ಶೇ. 70ಕ್ಕೂ ಹೆಚ್ಚು ಭಾಗ ಎಚ್‌ಡಿಐಎಲ್ ಎಂಬ ಒಂದೇ ಕಟ್ಟಡ ಕಂಪನಿಯ ಬಳಗಕ್ಕೆ ಹೋಗಿತ್ತು. ಒಂದು ಬಳಗಕ್ಕೆ ಬ್ಯಾಂಕು ತನ್ನ ಬಂಡವಾಳ ನಿಧಿಯ ಶೇ. 40ಕ್ಕಿಂತ ಹೆಚ್ಚು ಕೊಡಕೂಡದೆಂಬ ನಿಯಮ ಅಂದು ಜಾರಿಯಲ್ಲಿತ್ತೆಂಬುದನ್ನು ಗಮನಿಸಬೇಕು. ಈ ಸಾಲಗಳನ್ನು ಮರೆಮಾಚಲು 21,000ಕ್ಕೂ ಹೆಚ್ಚು ಹುಸಿ ಖಾತೆಗಳನ್ನು ಸೃಷ್ಟಿಸಲಾಗಿತ್ತು. ಲೆಕ್ಕ ತಪಾಸಕರು ಸಹಿ ಹಾಕಿದ್ದರು. ರಿಸರ್ವ್ ಬ್ಯಾಂಕಿನ ತಪಾಸಣೆಯೂ ಕಾಲಕಾಲಕ್ಕೆ ನಡೆದಿತ್ತು. ಇವರಾರಿಗೂ ಕಾಣದ್ದನ್ನು, ಸಾಯನ್ ಕೋಳಿವಾಡದ ನಿವೃತ್ತ ಶಿಕ್ಷಕಿಯೋ ಮುಲುಂಡದ ಹೋಟೆಲ್ ಕಾರ್ಮಿಕನೋ ಕಾಣಬೇಕಿತ್ತೆಂದು ಹೇಳುವುದು ವಿವೇಕವಲ್ಲ, ಕ್ರೌರ್ಯ.

ಇದು ಮುಂಬಯಿಗೆ ಮಾತ್ರ ಬಂದ ವಿಪತ್ತೆಂದು ಭಾವಿಸಿದವರಿಗೆ 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿ ಉತ್ತರ ಕೊಟ್ಟಿತು. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ನಿವೃತ್ತಿಯ ಹಣವನ್ನಿಟ್ಟ ಹಿರಿಯರಿಗೆ, ಖಾತೆಯಿಂದ 35,000 ರೂಪಾಯಿ ಮಾತ್ರ ತೆಗೆಯಬಹುದೆಂಬ ನಿರ್ದೇಶನ ಬಂತು. ಊರಿನಲ್ಲಿರುವ ತಂದೆತಾಯಿಯರ ಹೆಸರಿನಲ್ಲಿ ಅಲ್ಲಿ ಹಣವಿಟ್ಟಿದ್ದ ಹೊರನಾಡಿಗರೂ ಇದ್ದರು. ಐದು ವರ್ಷ ಕಳೆದು, 2025ರ ಫೆಬ್ರವರಿ 13ರಂದು ಮುಂಬಯಿಯ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಸರದಿ. ತಿಜೋರಿಯಲ್ಲಿರಬೇಕಿದ್ದ 122 ಕೋಟಿ ರೂಪಾಯಿ ನಗದು ಇಲ್ಲವೆಂಬ ಆಪಾದನೆಯ ಮೇಲೆ ಪೊಲೀಸ್ ಮೊಕದ್ದಮೆ ಹೂಡಲಾಯಿತು. ಮೊದಲ ಎರಡು ವಾರ ಠೇವಣಿದಾರರು ಒಂದು ರೂಪಾಯಿಯನ್ನೂ ತೆಗೆಯುವಂತಿರಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾದುದು ಠೇವಣಿದಾರರ ಪುಣ್ಯವೆನ್ನಬೇಕು. ಪುಣ್ಯ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಠೇವಣಿಯ ರಕ್ಷಣೆ ಕಾನೂನಿನ ಬಲದಿಂದಲ್ಲದೆ ಪುಣ್ಯಬಲದಿಂದ ಆಗುವ ವ್ಯವಸ್ಥೆಯನ್ನು ವ್ಯವಸ್ಥೆಯೆಂದು ಹೇಗೆ ಕರೆಯೋಣ?

ಇನ್ನೊಂದು ತಾರತಮ್ಯವನ್ನೂ ನೋಡಿ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಂತು. ಮಿತಿ 50,000 ರೂಪಾಯಿ. ಸ್ಟೇಟ್ ಬ್ಯಾಂಕಿನ ನೇತೃತ್ವದಲ್ಲಿ ಬಂಡವಾಳ ಹರಿದು ಮಾರ್ಚ್ 18ರಂದು ನಿರ್ಬಂಧ ತೆರವಾಯಿತು. ಅದೇ ವರ್ಷದ ನವೆಂಬರ್ 17ರಂದು ತಮಿಳುನಾಡಿನ ಕರೂರಿನಲ್ಲಿ ಹುಟ್ಟಿದ ಲಕ್ಷ್ಮೀ ವಿಲಾಸ ಬ್ಯಾಂಕಿಗೆ 25,000 ರೂಪಾಯಿಯ ಮಿತಿ. ನವೆಂಬರ್ 27ಕ್ಕೆ ಅದು ಡಿಬಿಎಸ್ ಬ್ಯಾಂಕಿನ ಭಾರತೀಯ ಅಂಗದೊಡನೆ ವಿಲೀನ. ವಾಣಿಜ್ಯ ಬ್ಯಾಂಕಿನ ಠೇವಣಿದಾರ ಹತ್ತು ಹದಿಮೂರು ದಿನ ನಿದ್ದೆಗೆಟ್ಟ. ಅವನ ಠೇವಣಿ ಉಳಿಯಿತು. ಸಹಕಾರಿ ಬ್ಯಾಂಕಿನ ಠೇವಣಿದಾರನೋ? ಪಿಎಂಸಿ ಬ್ಯಾಂಕ್ 2022ರ ಜನವರಿ 25ರಂದು ಯೂನಿಟಿ ಸಣ್ಣ ಹಣಕಾಸು ಬ್ಯಾಂಕಿನಲ್ಲಿ ವಿಲೀನಗೊಂಡಾಗ ರೂಪುಗೊಂಡ ಯೋಜನೆಯಂತೆ, ಐದು ಲಕ್ಷ ಮೀರಿದ ಹಣ ಕಂತುಕಂತಾಗಿ, ದೊಡ್ಡ ಠೇವಣಿಯಾದರೆ ಹತ್ತು ವರ್ಷಗಳ ಕೊನೆಗೆ ಕೈಸೇರಬೇಕು. 2021ರ ಮಾರ್ಚ್ 31ರ ತರುವಾಯ ಐದು ವರ್ಷ ಬಡ್ಡಿಯಿಲ್ಲ, ಅನಂತರ ಶೇ. 2.75. ಸಂಸ್ಥೆಗಳ ವರ್ಗಕ್ಕೆ ಸೇರಿದ ಠೇವಣಿದಾರರ ಪಾಡು ಇನ್ನೂ ಕಠಿಣ. ವಿಮೆಯ ಮಿತಿ ಮೀರಿದ ಅವರ ಹಣದ ಶೇ. 80 ಭಾಗ ವರ್ಷಕ್ಕೆ ಶೇ. 1 ಲಾಭಾಂಶದ ಆದ್ಯತಾ ಷೇರುಗಳಾಗಿ ಮಾರ್ಪಟ್ಟಿತು. ಎಪ್ಪತ್ತು ದಾಟಿದ ಠೇವಣಿದಾರನಿಗೆ ಹತ್ತು ವರ್ಷ ಕಾಯಿರಿ ಎಂದು ಹೇಳುವುದಕ್ಕೂ, ನಿಮ್ಮ ಹಣ ನಿಮಗಲ್ಲ ಎಂದು ಹೇಳುವುದಕ್ಕೂ ಏನು ಅಂತರ? ಎರಡೂ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದವುಗಳೇ. ರೂಪಾಯಿಯ ಮೇಲೆ ಗವರ್ನರರ ಸಹಿಯೂ ಒಂದೇ. ಪ್ರಜೆ ಮಾತ್ರ ಎರಡು ದರ್ಜೆಯವನಾದ.

“ವಿಮೆ ಇದೆಯಲ್ಲ?” ಎಂಬ ಮಾತು ಈಗ ಬರುತ್ತದೆ. ಇದೆ, ಅದರ ಕಥೆಯನ್ನೂ ತಿಳಿಯೋಣ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್, ಮಹಾರಾಷ್ಟ್ರದ ಲಕ್ಷ್ಮೀ ಬ್ಯಾಂಕ್ ಕುಸಿದ ಬಳಿಕ, 1962ರಲ್ಲಿ ಠೇವಣಿ ವಿಮಾ ನಿಗಮ ಹುಟ್ಟಿತು. ಆಗ ಮಿತಿ 1,500 ರೂಪಾಯಿ. ಏರುತ್ತ ಏರುತ್ತ 1993ರ ಮೇ 1ರಂದು ಒಂದು ಲಕ್ಷವಾಯಿತು. ಆಮೇಲೆ ಬಂಗಾರದ ಬೆಲೆ ಏರಿತು, ಬಾಡಿಗೆ ಏರಿತು, ನಮ್ಮ ತುಟ್ಟಿಭತ್ಯೆ ಏರಿತು. ವಿಮೆಯ ಮಿತಿ ಮಾತ್ರ ಇಪ್ಪತ್ತೇಳು ವರ್ಷ ಅಲುಗಲಿಲ್ಲ. ಪಿಎಂಸಿ ಠೇವಣಿದಾರರು ಬೀದಿಗಿಳಿದ ಮೇಲಷ್ಟೇ, 2020ರ ಫೆಬ್ರವರಿ 4ರಂದು, ಅದು ಐದು ಲಕ್ಷವಾಯಿತು. ನಿರ್ಬಂಧ ಬಿದ್ದ ತೊಂಬತ್ತು ದಿನಗಳೊಳಗೆ ವಿಮೆಯ ಹಣ ಕೊಡತಕ್ಕದ್ದೆಂಬ ತಿದ್ದುಪಡಿ 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಇದು ಸ್ವಾಗತಾರ್ಹವೇ. ಆದರೆ ಈ ಕಾನೂನನ್ನು ಬರೆಯಿಸಿದ್ದು ಯಾವ ತಜ್ಞ ಸಮಿತಿಯ ದೂರದೃಷ್ಟಿಯೂ ಅಲ್ಲ. ಬ್ಯಾಂಕಿನ ಮುಚ್ಚಿದ ಬಾಗಿಲ ಮುಂದೆ ನಿಂತ ಮುದುಕರ ಕಣ್ಣೀರು ಎಂಬುದನ್ನು ಮರೆಯಬಾರದು.

2024ರ ಮಾರ್ಚ್ ಅಂತ್ಯಕ್ಕೆ ದೇಶದ ಶೇ. 97.8ರಷ್ಟು ಖಾತೆಗಳು ಪೂರ್ಣವಾಗಿ ವಿಮೆಯ ರಕ್ಷಣೆಗೆ ಒಳಪಟ್ಟಿದ್ದವೆಂದು ಅಧಿಕಾರಿಗಳು ಹೆಮ್ಮೆಯಿಂದ ಹೇಳುತ್ತಾರೆ. ಹಣದ ಲೆಕ್ಕದಲ್ಲಿ ಅದು ಶೇ. 43.1 ಮಾತ್ರ. ನೂರು ರೂಪಾಯಿ ಹಾಕಿ ಮರೆತ ಖಾತೆಯೂ ಒಂದು ಖಾತೆ. ಮೂವತ್ತೈದು ವರ್ಷ ದುಡಿದವನ ಗ್ರ್ಯಾಚುಯಿಟಿ, ಭವಿಷ್ಯ ನಿಧಿ ಸೇರಿದ ಠೇವಣಿಯೂ ಒಂದು ಖಾತೆ. ಯಾರ ಬದುಕಿಡೀ ಗಳಿಕೆ ಒಂದೆಡೆ ಕೂಡಿದೆಯೋ ಅವರೇ ಆ ಉಳಿದ ಶೇ. 2.2ರಲ್ಲಿದ್ದಾರೆ. ನಮ್ಮ ಸಂಘಸಂಸ್ಥೆಗಳೂ ಅಲ್ಲೇ ಇವೆ. ಸಾವಿರ ಜನರಿಂದ ಸಾವಿರ ಸಾವಿರ ಕೂಡಿಸಿ ಹತ್ತು ಲಕ್ಷ ಮಾಡಿದ ಸಂಘಕ್ಕೂ ವಿಮೆ ಐದೇ ಲಕ್ಷ.

ಇನ್ನು ಮುಚ್ಚಿದ ವರದಿಯ ವಿಷಯ. ರಿಸರ್ವ್ ಬ್ಯಾಂಕಿನ ಅಧಿಕಾರಿಗಳು ಬ್ಯಾಂಕನ್ನು ತಪಾಸಣೆ ಮಾಡಿ ಅದರ ಬಂಡವಾಳ, ಸಾಲಗಳ ಗುಣ, ಆಡಳಿತ, ಗಳಿಕೆ, ನಗದಿನ ಅನುಕೂಲ, ಒಳವ್ಯವಸ್ಥೆ ಇವನ್ನೆಲ್ಲ ತೂಗಿ ದರ್ಜೆ ಕೊಡುತ್ತಾರೆ. ಆ ದರ್ಜೆ ಗೋಪ್ಯ. 2015ರ ಡಿಸೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯ ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ರಿಸರ್ವ್ ಬ್ಯಾಂಕಿಗೂ ಇತರ ಬ್ಯಾಂಕುಗಳಿಗೂ ಇರುವುದು ಗುಟ್ಟು ಕಾಯುವ ವಿಶ್ವಾಸದ ಸಂಬಂಧವಲ್ಲ, ಸಾರ್ವಜನಿಕ ಹಿತವೇ ಅದರ ಕರ್ತವ್ಯ, ಆದ್ದರಿಂದ ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಇಂಥ ಮಾಹಿತಿಯನ್ನು ಕೊಡಬೇಕು. ಆದರೂ ರಿಸರ್ವ್ ಬ್ಯಾಂಕ್ ಹಿಂಜರಿಯಿತು. 2019ರ ಏಪ್ರಿಲ್‌ನಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿಯ ವಿಚಾರಣೆಯಲ್ಲಿ ನ್ಯಾಯಾಲಯ ಅದಕ್ಕೆ ಕೊನೆಯ ಅವಕಾಶವೆಂದು ಎಚ್ಚರಿಕೆ ಕೊಡಬೇಕಾಯಿತು. ಬಳಿಕ ಬ್ಯಾಂಕುಗಳೇ ನ್ಯಾಯಾಲಯದ ಮೆಟ್ಟಿಲೇರಿದವು. 2022ರ ಸೆಪ್ಟೆಂಬರ್‌ನಲ್ಲಿ, ಖಾಸಗಿತನದ ಹಕ್ಕಿನೊಡನೆ ಹಳೆಯ ತೀರ್ಪನ್ನು ತೂಗಿ ನೋಡಬೇಕಾದೀತೆಂದು ಹೇಳಿ ನ್ಯಾಯಾಲಯ ಅವುಗಳ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಂಡಿತು. ಖಾಸಗಿತನ! ಸಾಲಗಾರನ ಹೆಸರು ಗುಟ್ಟಾಗಿರಲಿ, ಒಪ್ಪೋಣ. ಬ್ಯಾಂಕು ಗಟ್ಟಿಯೋ ಪೊಳ್ಳೋ ಎಂಬುದು ಯಾರ ಖಾಸಗಿ ವಿಷಯ?

ಗೋಪ್ಯತೆಯ ಪರವಾಗಿ ಹೇಳುವ ವಾದ ಒಂದೇ: ವಿಷಯ ಬಯಲಾದರೆ ಜನ ಗಾಬರಿಯಿಂದ ಹಣ ತೆಗೆಯಲು ಮುಗಿಬೀಳುತ್ತಾರೆ, ಬದುಕಬಹುದಾದ ಬ್ಯಾಂಕೂ ಸಾಯುತ್ತದೆ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ವದಂತಿಯಿಂದ ಬ್ಯಾಂಕುಗಳ ಮುಂದೆ ಸಾಲು ಬೆಳೆದುದನ್ನು ಈ ದೇಶ ಕಂಡಿದೆ. ಆದರೆ ಗಾಬರಿಯನ್ನು ಹುಟ್ಟಿಸುವುದು ಅರ್ಧ ತಿಳಿವಳಿಕೆ, ಪೂರ್ಣ ತಿಳಿವಳಿಕೆಯಲ್ಲ. ಇದಕ್ಕೆ ಪುರಾವೆ ಯೆಸ್ ಬ್ಯಾಂಕಿನಲ್ಲೇ ಇದೆ. 2015–16ರ ಸಾಲಿಗೆ ತನ್ನ ವಸೂಲಾಗದ ಸಾಲ ಸುಮಾರು 749 ಕೋಟಿ ಎಂದು ಅದು ಹೇಳಿಕೊಂಡಿತ್ತು. ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಅದು ಸುಮಾರು 4,926 ಕೋಟಿ. ಈ ಅಂತರ 2017ರಲ್ಲಿ ಅದರ ವಾರ್ಷಿಕ ವರದಿಯಲ್ಲೇ ಅಚ್ಚಾಯಿತು. ಅಂದು ಬ್ಯಾಂಕು ಕುಸಿಯಲಿಲ್ಲ. ಓದಬಲ್ಲವನಿಗೆ ಮೂರು ವರ್ಷಗಳ ಕಾಲಾವಕಾಶ ಸಿಕ್ಕಿತು. ಮುಚ್ಚಿಟ್ಟದ್ದರಿಂದ ಆಗುವುದೇನು? ಒಳಗಿನವರಿಗೆ, ಅವರ ಬಂಧುಮಿತ್ರರಿಗೆ ಸುಳಿವು ಸಿಗುತ್ತದೆ. ಅವರು ಸದ್ದಿಲ್ಲದೆ ಹೊರಬೀಳುತ್ತಾರೆ. ಬಾಗಿಲು ಮುಚ್ಚಿದ ಬೆಳಗ್ಗೆ ಹೊರಗೆ ನಿಲ್ಲುವವರು ಪಾಸ್‌ಬುಕ್ ಹಿಡಿದ ಬಡಪಾಯಿಗಳು ಮಾತ್ರ.

ಈಗ ಇನ್ನೊಂದು ವಿಚಿತ್ರ. 1962ರಿಂದ ಎಲ್ಲ ಬ್ಯಾಂಕುಗಳೂ ಒಂದೇ ದರದಲ್ಲಿ ವಿಮಾ ಕಂತು ಕಟ್ಟುತ್ತಿದ್ದವು. 2020ರ ಏಪ್ರಿಲ್‌ನಿಂದ ಅದು ನೂರು ರೂಪಾಯಿ ಠೇವಣಿಗೆ 12 ಪೈಸೆ. ಬ್ಯಾಂಕಿನ ಅಪಾಯವನ್ನು ಅಳೆದು, ಗಟ್ಟಿ ಬ್ಯಾಂಕಿಗೆ ಕಡಿಮೆ ಕಂತು ವಿಧಿಸುವ ಪದ್ಧತಿ 2026–27ರ ಸಾಲಿನಿಂದ ಎಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅಂದರೆ ಬ್ಯಾಂಕುಗಳ ಅಪಾಯವನ್ನು ಅಳೆಯಬಹುದು, ಅಂಕಿಯಲ್ಲಿ ಹೇಳಬಹುದು, ಅದಕ್ಕೆ ಬೆಲೆಯನ್ನೂ ಕಟ್ಟಬಹುದು ಎಂದು ಪ್ರಭುತ್ವವೇ ಒಪ್ಪಿದಂತಾಯಿತು. ಐದು ಲಕ್ಷದ ಹೊಣೆ ಹೊತ್ತ ವಿಮೆಗಾರನಿಗೆ ತಿಳಿಯಬೇಕಾದ ಅಪಾಯ, ಐವತ್ತು ಲಕ್ಷ ಇಟ್ಟ ಠೇವಣಿದಾರನಿಗೆ ತಿಳಿಯಬಾರದೇಕೆ? ಪೂರ್ಣ ವರದಿ ಬೇಡ. ದರ್ಜೆಯೊಂದನ್ನು, ವರ್ಷಕ್ಕೊಮ್ಮೆ, ಶಾಖೆಯ ಬಾಗಿಲಲ್ಲಿ ಬಡ್ಡಿದರದ ಫಲಕದ ಪಕ್ಕದಲ್ಲಿ ತೂಗುಹಾಕಲಿ. ಇದಕ್ಕಿಂತ ಸರಳವಾದ ಬೇಡಿಕೆ ಯಾವುದಿದ್ದೀತು?

ಇಷ್ಟು ಹೊತ್ತು ಪರರ ತಪ್ಪನ್ನು ಹೇಳಿದ್ದಾಯಿತು. ಇನ್ನು ನಮ್ಮದು.

ಕೆಲವು ವರ್ಷಗಳ ಹಿಂದೆ, ವರ್ಗವಾಗಿ ಹೋಗಿದ್ದ ಪರರಾಜ್ಯದ ನಗರವೊಂದರಲ್ಲಿ, ಅಲ್ಲಿನ ಕನ್ನಡ ಸಂಘದ ಗೌರವ ಲೆಕ್ಕ ತಪಾಸಕನಾಗಿದ್ದೆ. ಕಚೇರಿಯಲ್ಲಿ ಲೆಕ್ಕಪತ್ರಗಳ ನಡುವೆಯೇ ಬಾಳಿದವನೆಂದು ನನ್ನನ್ನು ಆ ಸ್ಥಾನಕ್ಕೆ ಕೂರಿಸಿದ್ದರು. ರಾಜ್ಯೋತ್ಸವದ ಕಾಫಿ ತಿಂಡಿಯ ಬಾಬ್ತು 340 ರೂಪಾಯಿಗೆ ರಸೀದಿ ಇಲ್ಲವೆಂದು ನಾನು ಆಕ್ಷೇಪ ಬರೆದದ್ದು ನೆನಪಿದೆ. ಅದೇ ಲೆಕ್ಕದಲ್ಲಿ ಭವನ ನಿರ್ಮಾಣ ನಿಧಿಯ 18 ಲಕ್ಷ ರೂಪಾಯಿ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಮುದ್ದತು ಠೇವಣಿಯಾಗಿತ್ತು. ರಸೀದಿಗಳನ್ನು ನೋಡಿದೆ, ಮೊತ್ತ ತಾಳೆಯಾಯಿತು, ಸಹಿ ಹಾಕಿದೆ. ಈ ಬ್ಯಾಂಕೇ ಏಕೆ ಎಂದು ಬಾಯಿಮಾತಿಗೆ ಕೇಳಿದಾಗ ಕೋಶಾಧ್ಯಕ್ಷರು ನಗುತ್ತ, “ಸಾರ್, ಅದರ ಅಧ್ಯಕ್ಷರು ನಮ್ಮ ಕಡೆಯವರೇ. ಪ್ರತಿವರ್ಷ ಸ್ಮರಣಸಂಚಿಕೆಗೆ ಪೂರ್ಣಪುಟದ ಜಾಹೀರಾತು ಕೊಡುತ್ತಾರೆ. ಬಡ್ಡಿಯೂ ಅರ್ಧ ಪರ್ಸೆಂಟ್ ಜಾಸ್ತಿ” ಎಂದರು. ನನಗದು ಸಮಂಜಸವಾಗಿಯೇ ಕಂಡಿತು.

ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ ಮೇಲೆ ಅದರ ಹಳೆಯ ವಾರ್ಷಿಕ ವರದಿಗಳನ್ನು ತರಿಸಿ ಓದಿದೆ. ಎರಡು ವರ್ಷ ಸತತ ನಷ್ಟ. ಸರ್ವಸಾಧಾರಣ ಸಭೆಗಳು ತಡವಾಗಿ ಜರುಗಿದ್ದವು. ಬಂಡವಾಳ ಸಾಲದೆಂದು ಲೆಕ್ಕ ತಪಾಸಕರು ಸಣ್ಣಕ್ಷರದಲ್ಲಿ ಟಿಪ್ಪಣಿ ಬರೆದಿದ್ದರು. ಇಲ್ಲಿ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಓದುವವರು ಇರಲಿಲ್ಲ, ಅಷ್ಟೆ. ವಿಮೆಯಿಂದ ಐದು ಲಕ್ಷ ಬಂತು. ಉಳಿದ ಹದಿಮೂರು ಲಕ್ಷ ಬರಲಿಲ್ಲ. ಆ ವರ್ಷದ ಮಹಾಸಭೆಯಲ್ಲಿ, ಕುಂದಾಪುರದ ಕಡೆಯ ಒಬ್ಬ ವೃದ್ಧರು, ಹೋಟೆಲಿನಲ್ಲಿ ಅಡುಗೆ ಮಾಡಿ ಬದುಕಿದವರು, ಭವನಕ್ಕೆಂದು ಒಂದು ತಿಂಗಳ ಸಂಬಳವನ್ನೇ ಕೊಟ್ಟವರು, ಹಿಂದಿನ ಸಾಲಿನಿಂದ ಎದ್ದು ಮೆಲ್ಲನೆ ಕೇಳಿದರು: “ಲೆಕ್ಕಕ್ಕೆ ಸಹಿ ಹಾಕಿದ್ದು ತಾವೇ ಅಲ್ಲವಾ ಸಾರ್?” ಅವರ ದನಿಯಲ್ಲಿ ಕೋಪವಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ.

ಈ ನಾಚಿಕೆಯೇ ಈ ಲೇಖನವನ್ನು ಬರೆಸುತ್ತಿದೆ. “ನಮ್ಮವರು” ಎಂಬ ಮಾತು ಹೊರನಾಡಿನಲ್ಲಿ ನಮಗೆ ಬಲ ಕೊಟ್ಟಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾಡಿನಲ್ಲಿ ಸಹಕಾರ ತತ್ತ್ವ ಬೇರೂರಿದ್ದು 1905ರಲ್ಲಿ, ಗದಗಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೆ ಬ್ಯಾಂಕನ್ನು ಒಯ್ದಿತು. ಅವರು ನಂಬಿಕೆಯನ್ನು ಕಟ್ಟಿದ್ದು ಪ್ರತಿದಿನ ಲೆಕ್ಕ ಒಪ್ಪಿಸುವುದರ ಮೂಲಕ. ನಾವು ಲೆಕ್ಕವನ್ನು ಬಿಟ್ಟು ನಂಬಿಕೆಯೊಂದನ್ನೇ ಉಳಿಸಿಕೊಂಡೆವು. ನಮ್ಮವರೆಂಬ ಕಾರಣಕ್ಕೆ ಪ್ರಶ್ನೆ ಕೇಳದಿರುವುದು ಸ್ನೇಹವಲ್ಲ, ಅದು ಆಲಸ್ಯ. ಪ್ರಾಮಾಣಿಕವಾಗಿ ನಡೆಯುತ್ತಿರುವ ನಮ್ಮವರ ಬ್ಯಾಂಕುಗಳೂ ಇವೆ. ಅಂಥವು ಪ್ರಶ್ನೆಗೆ ಹೆದರುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು ಕಷ್ಟದವೇನಲ್ಲ. ಅಪಾಯಕ್ಕೆ ಒಡ್ಡಿದ ಸಾಲಕ್ಕೆ ಹೋಲಿಸಿದರೆ ಬ್ಯಾಂಕಿನ ಸ್ವಂತ ಬಂಡವಾಳ ಎಷ್ಟು? ಚಿಕ್ಕ ನಗರ ಸಹಕಾರಿ ಬ್ಯಾಂಕುಗಳಿಗೆ ಇದು ಶೇ. 9 ಇರಬೇಕು, ದೊಡ್ಡವು 2026ರ ಮಾರ್ಚ್ ವೇಳೆಗೆ ಶೇ. 12 ಮುಟ್ಟಬೇಕೆಂದು 2022ರಲ್ಲೇ ನಿಯಮವಾಗಿದೆ. ಕಾದಿರಿಸಿದ ಹಣ ಕಳೆದು ಉಳಿಯುವ ನಿವ್ವಳ ವಸೂಲಾಗದ ಸಾಲ ಶೇ. 6 ದಾಟಿತೆ? ದಾಟಿದರೆ ರಿಸರ್ವ್ ಬ್ಯಾಂಕೇ ಎಚ್ಚೆತ್ತುಕೊಳ್ಳುವ ಗಡಿ ಅದು. ಸತತ ಎರಡು ವರ್ಷ ನಷ್ಟವೆ? ವಾರ್ಷಿಕ ವರದಿ ಸಕಾಲಕ್ಕೆ ಬಂತೆ? ಲೆಕ್ಕ ತಪಾಸಕರ ಟಿಪ್ಪಣಿ ಏನನ್ನುತ್ತದೆ? ಸುತ್ತಲಿನ ಬ್ಯಾಂಕುಗಳಿಗಿಂತ ಬಡ್ಡಿ ಹೆಚ್ಚಿದ್ದರೆ ಅದಕ್ಕೆ ಕಾರಣವೇನು? ಪಿಎಂಸಿಯಂಥ ಮೋಸವನ್ನು ಈ ಪ್ರಶ್ನೆಗಳು ಹಿಡಿಯಲಾರವು ಎಂಬುದು ನಿಜ. ಅದಕ್ಕಾಗಿಯೇ ಇನ್ನೊಂದು ಕಟ್ಟುಪಾಡು ಬೇಕು: ಒಂದೇ ಬ್ಯಾಂಕಿನಲ್ಲಿ ವಿಮೆಯ ಮಿತಿ ಮೀರಿ ಇಡದಿರುವುದು. ಅಸಲು ಬಡ್ಡಿ ಎರಡೂ ಸೇರಿ ಐದು ಲಕ್ಷ. ಒಂದೇ ಬ್ಯಾಂಕಿನ ಹತ್ತು ಶಾಖೆಗಳಲ್ಲಿ ಹಂಚಿದರೂ ಲೆಕ್ಕಕ್ಕೆ ಒಂದೇ. ಇನ್ನು ನಮ್ಮ ಬಡಾವಣೆಗಳಲ್ಲಿರುವ ಕ್ರೆಡಿಟ್ ಸೊಸೈಟಿಗಳು, ಪತಪೇಢಿಗಳು, ಊರಿನ ಸೌಹಾರ್ದ ಸಹಕಾರಿಗಳು ಬ್ಯಾಂಕುಗಳೇ ಅಲ್ಲ. ಅಲ್ಲಿಟ್ಟ ಹಣಕ್ಕೆ ಈ ವಿಮೆ ಒಂದು ಪೈಸೆಯಷ್ಟೂ ಇಲ್ಲ.

ಸಂಘಗಳಿಗೆ ನನ್ನ ಮಾತು ಇನ್ನೂ ನಿಷ್ಠುರ. ಸ್ವಂತ ಹಣವನ್ನು ಎಲ್ಲಿ ಇಡಬೇಕೆಂಬುದು ಅವರವರ ಇಷ್ಟ. ಸಂಘದ ಹಣ ಹಾಗಲ್ಲ. ಯಾವ ಬ್ಯಾಂಕಿನಲ್ಲಿ ಏಕೆ ಇಟ್ಟೆವೆಂಬುದು ಕಾರ್ಯಕಾರಿ ಸಮಿತಿಯ ನಡಾವಳಿಯಲ್ಲಿ ದಾಖಲಾಗಲಿ. ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ತಾವೋ ತಮ್ಮ ಬಂಧುಗಳೋ ಇದ್ದರೆ ಅಂಥ ಸದಸ್ಯರು ಆ ನಿರ್ಣಯದಿಂದ ದೂರವಿರಲಿ. ಸ್ಮರಣಸಂಚಿಕೆಯ ಜಾಹೀರಾತಿಗೂ ಠೇವಣಿಗೂ ಇರುವ ನಂಟು ಕಡಿಯಲಿ. ಪೂರ್ಣಪುಟದ ಜಾಹೀರಾತಿಗೆ ಹದಿಮೂರು ಲಕ್ಷ ತೆತ್ತ ಸಂಘವನ್ನು ನಾನು ಬಲ್ಲೆ. ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡ ಸಂಘಗಳೆಲ್ಲ ಸೇರಿ, ತಪಾಸಣೆಯ ದರ್ಜೆಯನ್ನು ಬಹಿರಂಗಪಡಿಸಬೇಕೆಂದೂ, ಸಾರ್ವಜನಿಕ ದೇಣಿಗೆಯ ನಿಧಿಗಳಿಗೆ ಹೆಚ್ಚಿನ ವಿಮಾ ರಕ್ಷಣೆ ಬೇಕೆಂದೂ ಒತ್ತಾಯಿಸಿ ಒಂದು ಮನವಿಯನ್ನಾದರೂ ಸಲ್ಲಿಸಬಾರದೆ? ನವೆಂಬರ್ ತಿಂಗಳ ನಿರ್ಣಯಗಳಲ್ಲಿ ಇದಕ್ಕೊಂದು ಸಾಲಿನ ಜಾಗ ಸಿಗಬಾರದೆ?

ಠೇವಣಿ ಎಂಬುದು ಸಾಲ. ನಾವು ಬ್ಯಾಂಕಿಗೆ ಕೊಟ್ಟ ಸಾಲ. ನೆರೆಯವನು ಐನೂರು ರೂಪಾಯಿ ಕೈಗಡ ಕೇಳಿದರೆ ಅವನ ಸಂಬಳ ವಿಚಾರಿಸುವ ನಾವು, ಬದುಕಿನ ಗಳಿಕೆಯನ್ನೆಲ್ಲ ಕೊಡುವಾಗ ಸುಮ್ಮನಿರುವುದು ವಿಚಿತ್ರ. ಕೇಳಲು ಹೊರಟವನಿಗೆ ಬಾಗಿಲು ಮುಚ್ಚುವ ಪ್ರಭುತ್ವ ಇನ್ನೂ ವಿಚಿತ್ರ. ಆ ಬಾಗಿಲು ತೆರೆಯುವವರೆಗೆ ಕೇಳುತ್ತಲೇ ಇರೋಣ. ಅಲ್ಲಿಯವರೆಗೆ, ಸಂಘದ ಲೆಕ್ಕಕ್ಕೆ ಸಹಿ ಹಾಕುವ ಮಿತ್ರರೇ, ಕಾಫಿಯ ರಸೀದಿಯನ್ನು ಆಮೇಲೆ ನೋಡಿರಿ. ಮೊದಲು ಬ್ಯಾಂಕಿನ ವಾರ್ಷಿಕ ವರದಿಯನ್ನು ತರಿಸಿ ಓದಿರಿ. ಹಿಂದಿನ ಸಾಲಿನಿಂದ ಎದ್ದು ಕೇಳುವವರಿಗೆ ಕೊಡಲು ನಿಮ್ಮಲ್ಲಾದರೂ ಒಂದು ಉತ್ತರವಿರಲಿ.